ಸಕ್ಕರೆ ಆರತಿಯ ಮನೆಗೆ ಹೋದವಳು

ಗೌರಿ ಹುಣ್ಣಿಮೆಗೆ ಇನ್ನೂ ಹದಿನೈದು ದಿನ ಇರುವಾಗಲೇ ಇಳಕಲ್ಲಿನ ನಮ್ಮ ಅತ್ತೆಯ ಮನೆಯ ಹಿತ್ತಲಿಗೆ ಇರುವೆಗಳು ಬರತೊಡಗುತ್ತವೆ. ಅವುಗಳಿಗೆ ಯಾರು ಸುದ್ದಿ ಮುಟ್ಟಿಸುತ್ತಾರೋ ಗೊತ್ತಿಲ್ಲ. ಒಲೆಯ ಮೇಲೆ ಪಾಕದ ಪಾತ್ರೆ ಏರುತ್ತದೆ, ರಾತ್ರಿಯಿಡೀ ನೆನೆದ ಕಟ್ಟಿಗೆಯ ಅಚ್ಚುಗಳು ಬಕೆಟ್ಟಿನಿಂದ ಹೊರಗೆ ಬರುತ್ತವೆ, ಅತ್ತೆ ಸೆರಗು ಸಿಕ್ಕಿಸಿಕೊಂಡು ಮಣೆಯ ಮೇಲೆ ಕೂತರೆ ಸಂಜೆಯ ಹೊತ್ತಿಗೆ ಆನೆ, ಗಿಳಿ, ನವಿಲು, ಒಂಟೆ ಎಲ್ಲ ಬೆಳ್ಳಗೆ ಸಾಲುಗಟ್ಟಿ ನಿಂತಿರುತ್ತವೆ. ಎಲ್ಲವೂ ಸಕ್ಕರೆಯವು. ನನ್ನ ಆರು ವರ್ಷದ ಮಗಳು ಮುರಿದ ಬಾಲ, ಒಡೆದ ಸೊಂಡಿಲು ಆರಿಸಿ ತಿನ್ನುತ್ತ ತಿರುಗುತ್ತಾಳೆ. ಬಂದುಹೋಗುವವರ ಕೈಗೆಲ್ಲ ಒಂದೊಂದು ಚೂರು ಬೀಳುತ್ತದೆ. ಆ ಮನೆಯಲ್ಲಿ ಅದನ್ನು ಬಾಯಿಗೆ ಹಾಕದ ಜೀವ ಒಂದೇ, ಅದು ನಾನು.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಈ ಸಕ್ಕರೆಯ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು ಗೌರಿಗೆ ಆರತಿ ಬೆಳಗುತ್ತಾರೆ. ಮದುವೆ ಗೊತ್ತಾದ ಹುಡುಗಿ ಇದ್ದರೆ ಗಂಡಿನ ಮನೆಯವರೇ ಸೀರೆ, ಕುಪ್ಪಸ, ಹೂವಿನ ಜೊತೆ ಗೊಂಬೆಗಳನ್ನು ತರುತ್ತಾರೆ. ಅದಕ್ಕೆ ಸಕ್ಕರೆ ಆರತಿ ತರುವುದು ಅನ್ನುತ್ತೇವೆ. ಆರತಿ ಮುಗಿದ ಮೇಲೆ ಅತ್ತೆಯಾಗುವವಳು ಒಂದು ಗೊಂಬೆ ಮುರಿದು ಹುಡುಗಿಯ ಬಾಯಿಗೆ ಹಾಕುತ್ತಾಳೆ. ಓಣಿಯ ಹೆಂಗಸರೆಲ್ಲ ಸುತ್ತ ಕೂತು ನೋಡುತ್ತಾರೆ. ಇಷ್ಟೇ. ಎಲ್ಲರಿಗೂ ಸಂತೋಷದ ಸಂಗತಿ. ನನಗೆ ಮಾತ್ರ ಒಂದು ವರ್ಷ ಅದು ಜೀವಕ್ಕೆ ಬಂದಿತ್ತು.

ನನಗಿರುವುದು ಹುಟ್ಟಿನಿಂದ ಬಂದ ತೊಂದರೆ. ಹಣ್ಣಿನಲ್ಲಿ, ಜೇನಿನಲ್ಲಿ, ಬೆಲ್ಲದಲ್ಲಿ, ಸಕ್ಕರೆಯಲ್ಲಿ ಇರುವ ಒಂದು ಬಗೆಯ ಸಿಹಿಯನ್ನು ಅರಗಿಸುವ ಶಕ್ತಿ ನನ್ನ ಲಿವರಿಗೆ ಇಲ್ಲ. ತಿಂದರೆ ಮೈ ಬೆವರಿ, ಕೈ ನಡುಗಿ, ವಾಂತಿಯಾಗಿ ಮಲಗಿಬಿಡುತ್ತೇನೆ. ಹೆಚ್ಚು ತಿಂದರೆ ಏಳುವುದೇ ಅನುಮಾನ. ಇದು ಎಲ್ಲರಿಗೂ ಗೊತ್ತಿರುವ ಸಕ್ಕರೆ ಕಾಯಿಲೆ ಅಲ್ಲ. ಈ ಮಾತನ್ನು ನಾನು ಜೀವಮಾನದಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳಿ ಮುಗಿಸಿದ ಮೇಲೆ ಎದುರಿನವರು ತಲೆಯಾಡಿಸಿ, ಹಾಗಾದರೆ ಸಕ್ಕರೆ ಬಿಡು, ಬೆಲ್ಲ ತಿನ್ನು, ಬೆಲ್ಲ ಮೈಗೆ ಒಳ್ಳೆಯದು ಅನ್ನುತ್ತಾರೆ. ನನಗೆ ಸಿಟ್ಟು ಬೇಗ ಬರುತ್ತದೆ. ಮೊದಲೆಲ್ಲ ಜಗಳಕ್ಕೇ ನಿಲ್ಲುತ್ತಿದ್ದೆ. ಈಗ ಹೂಂ ಅಂದು ಸುಮ್ಮನಾಗುತ್ತೇನೆ.

ನಾನು ಹುಟ್ಟಿದ್ದು ಹುನಗುಂದದಲ್ಲಿ. ಅಪ್ಪ ಬಸ್ಸಿನ ಕಂಡಕ್ಟರ್. ಅವ್ವ ಅಪ್ಪನ ಸ್ವಂತ ಅಕ್ಕನ ಮಗಳು. ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡುವುದು ಹೊಸದಲ್ಲ. ಹೀಗಾಗಿ ಅವ್ವನ ತಾಯಿ, ಅಂದರೆ ನಮ್ಮ ಆಯಿ, ನನ್ನ ಅಪ್ಪನಿಗೆ ಅಕ್ಕನೂ ಹೌದು, ಅತ್ತೆಯೂ ಹೌದು. ಮನೆಯಲ್ಲಿ ಆಕೆಯ ಮಾತಿಗೆ ಎರಡೂ ಕಡೆಯಿಂದ ಬಲವಿತ್ತು.

ತಾಯಿ ಹಾಲು ಕುಡಿಯುವಷ್ಟು ದಿನ ನಾನು ಗುಂಡುಗುಂಡಾಗಿದ್ದೆನಂತೆ. ಆರನೇ ತಿಂಗಳಿಗೆ ಬಾಳೆಹಣ್ಣು ಕಿವುಚಿ ತಿನ್ನಿಸಿದ ದಿನದಿಂದ ವಾಂತಿ ಶುರುವಾಯಿತು. ದೃಷ್ಟಿ ತೆಗೆದರು, ಬೀರಪ್ಪನ ಗುಡಿಯ ಭಂಡಾರ ಹಣೆಗೆ ಹಚ್ಚಿದರು, ದವಾಖಾನೆಗೆ ಓಡಿದರು. ಅಲ್ಲಿ ಕೊಟ್ಟ ಔಷಧವೂ ಸಿಹಿಯದೇ. ಅದನ್ನು ಕುಡಿದು ಇನ್ನಷ್ಟು ವಾಂತಿ. ಕಡೆಗೆ ನನ್ನನ್ನು ಉಳಿಸಿದ್ದು ನನ್ನ ಹಟವೇ. ವರ್ಷ ತುಂಬುವುದರೊಳಗೆ ನಾನು ಬಾಯಿ ಬಿಗಿಹಿಡಿಯುವುದನ್ನು ಕಲಿತೆ. ಸಿಹಿ ಅನ್ನುವುದು ಮೂಗಿಗೆ ಬಡಿದರೆ ಸಾಕು, ಇಬ್ಬರು ಹಿಡಿದರೂ ತುಟಿ ಬಿಚ್ಚುತ್ತಿರಲಿಲ್ಲವಂತೆ. ರೊಟ್ಟಿ, ಬೆಣ್ಣೆ, ಮೊಸರನ್ನ ಕೊಟ್ಟರೆ ಮಾತ್ರ ನಗುತ್ತ ತಿನ್ನುತ್ತಿದ್ದೆ. ಮಗು ಬದುಕಿತಲ್ಲ ಅಂದು ಅವ್ವ ಅದನ್ನೇ ಕೊಟ್ಟಳು. ಯಾರಿಗೂ ಇದು ಕಾಯಿಲೆ ಅನ್ನಿಸಲಿಲ್ಲ. ಕೆಟ್ಟ ಹಟದ ಹುಡುಗಿ ಅನ್ನಿಸಿತು, ಅಷ್ಟೇ.

ಆಯಿಗೆ ಮಾತ್ರ ಅದು ಅವಮಾನ. ಪಂಚಮಿಗೆ ಆಕೆ ಕಟ್ಟುವ ಉಂಡಿಗಳು ಇಡೀ ಓಣಿಯಲ್ಲಿ ಹೆಸರಾದವು. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಬೇಸನ್ ಉಂಡಿ ಎಲ್ಲ ತಟ್ಟೆಯಲ್ಲಿಟ್ಟು ಮುಂದೆ ತಳ್ಳಿದರೆ ಮೊಮ್ಮಗಳು ಮುಖ ತಿರುಗಿಸುತ್ತಾಳೆ. ಒಂದು ವರ್ಷ ನನ್ನನ್ನು ಕೂಡಿಸಿ, ನಾಲ್ಕೂ ತಿಂದೇ ಏಳಬೇಕು ಅಂದಳು. ಆಕೆ ಆಚೆ ಹೋದಾಗ ನಾನು ನಾಲ್ಕನ್ನೂ ಕಾಳಿನ ಚೀಲದ ಹಿಂದೆ ಗೋಡೆಯಲ್ಲಿನ ಗೂಡಿನಂಥ ಮಾಡಿನಲ್ಲಿ ತುರುಕಿ, ಬಾಯಿ ಒರೆಸಿಕೊಂಡು ಎದ್ದೆ. ಆಯಿಯ ಸಂತೋಷ ನೋಡಬೇಕಿತ್ತು. ಮೂರು ದಿನ ಎಲ್ಲರ ಮುಂದೆ ಹೊಗಳಿದಳು. ನಾಲ್ಕನೇ ದಿನ ಇರುವೆಯ ಸಾಲು ನೆಲದಿಂದ ಗೋಡೆ ಹತ್ತಿ ಮಾಡಿನೊಳಗೆ ಹೋಗುವುದನ್ನು ಕಂಡಳು. ಅವತ್ತಿನಿಂದ ನನಗೂ ಇರುವೆಗಳಿಗೂ ಆಗಿಬರುವುದಿಲ್ಲ.

ನನ್ನ ಬಾಲ್ಯ ದುಃಖದ್ದು ಅಂದುಕೊಳ್ಳಬೇಡಿ. ಖಾರ ಪ್ರಪಂಚಕ್ಕೆ ನಾನು ರಾಣಿಯಾಗಿದ್ದೆ. ಸ್ವಾತಂತ್ರ್ಯ ದಿನದ ಪೆಪ್ಪರಮಿಂಟು ಕೊಟ್ಟರೆ ಅದಕ್ಕೆ ಬದಲಾಗಿ ಗೆಳತಿಯರ ಡಬ್ಬಿಯ ಖಟಕ್ ರೊಟ್ಟಿ, ಅಗಸಿ ಚಟ್ನಿ ನನ್ನ ಕೈ ಸೇರುತ್ತಿತ್ತು. ಹೋಳಿಗೆ ಊಟದ ದಿನ ಪಂಕ್ತಿಯಲ್ಲಿ ನನ್ನ ಪಕ್ಕ ಕೂಡಲು ಹುಡುಗರು ಕಿತ್ತಾಡುತ್ತಿದ್ದರು. ನನ್ನ ಪಾಲಿನ ಹೋಳಿಗೆ ಪಕ್ಕದವರಿಗೆ ಹೋಗುತ್ತದೆ ಅನ್ನುವುದು ಸಾಲೆಗೆಲ್ಲ ಗೊತ್ತಿತ್ತು. ಬಿಸಿ ರೊಟ್ಟಿಯ ಮೇಲೆ ಎಮ್ಮೆಯ ಬೆಣ್ಣೆ ಹಾಕಿ, ಅದು ಕರಗಿ ಅಂಚಿಗೆ ಹರಿಯುವುದರೊಳಗೆ ಬಾಯಿಗೆ ಹಾಕಿಕೊಳ್ಳುವುದು ನನಗೆ ಅಂದಿಗೂ ಇಂದಿಗೂ ಹಬ್ಬ. ನನ್ನ ಶತ್ರು ಇದ್ದದ್ದು ಹೋಳಿಗೆಯಲ್ಲಿ ಅಲ್ಲ, ಅದು ಎದುರಿಗೆ ಕಾಣುತ್ತದೆ. ಸಾರಿನಲ್ಲಿ, ಪಲ್ಯದಲ್ಲಿ, ಚಟ್ನಿಯಲ್ಲಿ ನಮ್ಮವರು ರುಚಿಗೆಂದು ಹಾಕುವ ಆ ಒಂದು ಚೂರು ಬೆಲ್ಲದಲ್ಲಿ. ಕೇಳಿದರೆ ಯಾವ ಹೆಂಗಸೂ ಬೆಲ್ಲ ಹಾಕಿದ್ದೇನೆ ಅನ್ನುವುದಿಲ್ಲ. ಆಕೆಯ ಲೆಕ್ಕದಲ್ಲಿ ಅದು ಬೆಲ್ಲವೇ ಅಲ್ಲ, ಉಪ್ಪಿನ ಹಾಗೆ ಒಂದು ವಾಡಿಕೆ. ಹತ್ತು ಸಲ ಹೊಟ್ಟೆ ಕೆಟ್ಟ ಮೇಲೆ ನಾನು ಪ್ರಶ್ನೆ ಬದಲಿಸಿದೆ. ಬೆಲ್ಲ ಹಾಕೀರೇನ್ರಿ ಅಂತ ಕೇಳುವುದನ್ನು ಬಿಟ್ಟು, ಬೆಲ್ಲ ಎಷ್ಟು ಹಾಕೀರಿ ಅಂತ ಕೇಳತೊಡಗಿದೆ. ಆಗ ನಿಜ ಹೊರಗೆ ಬರುತ್ತಿತ್ತು.

ಕಾಯಿಲೆಗೆ ಹೆಸರು ಸಿಕ್ಕಿದ್ದು ಹಲ್ಲಿನಿಂದ. ಬಿ.ಇಡಿ. ಓದುತ್ತಿದ್ದಾಗ ಅವ್ವನ ದವಡೆ ಹಲ್ಲು ಕೀಳಿಸಲು ಬಾಗಲಕೋಟೆಗೆ ಕರೆದುಕೊಂಡು ಹೋಗಿದ್ದೆ. ಅವ್ವ ಹತ್ತಿ ಕಚ್ಚಿಕೊಂಡು ಕೂತಿದ್ದಾಗ ಹಲ್ಲಿನ ಡಾಕ್ಟರಮ್ಮ ಬಾ ನಿನ್ನದೂ ನೋಡೋಣ ಅಂದು ನನ್ನನ್ನು ಕುರ್ಚಿಯ ಮೇಲೆ ಕೂಡಿಸಿದರು. ದೀಪ ಹಿಡಿದು ನೋಡಿದರು, ಕನ್ನಡಿ ತಿರುಗಿಸಿ ನೋಡಿದರು, ತಮ್ಮ ಜೊತೆಯ ಇಬ್ಬರನ್ನು ಕರೆದು ತೋರಿಸಿದರು. ಒಂದೂ ಹುಳುಕಿಲ್ಲ, ಒಂದು ಕಲೆ ಇಲ್ಲ. ಏನು ತಿನ್ನುತ್ತೀ ಎಂದು ಕೇಳಿದರು. ನಾನು ಹೆಮ್ಮೆಯಿಂದ, ಏನೇನು ತಿನ್ನುವುದಿಲ್ಲ ಎಂಬುದನ್ನು ಹೇಳಿದೆ. ಹೇಳುತ್ತ ಹೋದ ಹಾಗೆ ಅವರ ಮುಖ ಬದಲಾಯಿತು. ಚೀಟಿ ಬರೆದು ದೊಡ್ಡ ಡಾಕ್ಟರ ಹತ್ತಿರ ಕಳಿಸಿದರು. ಅಲ್ಲಿಂದ ರಕ್ತ ಬೇರೆ ಊರಿಗೆ ಹೋಯಿತು. ಕೆಲವು ವಾರಗಳ ನಂತರ, ಇಪ್ಪತ್ತೆರಡು ವರ್ಷ ಹಟ ಅನ್ನಿಸಿಕೊಂಡದ್ದಕ್ಕೆ ಒಂದು ಉದ್ದನೆಯ ಹೆಸರು ಬಂತು. ನನಗೆ ಅಳು ಬರಲಿಲ್ಲ. ಕುಣಿಯಬೇಕು ಅನ್ನಿಸಿತು. ನಾನು ಕೆಟ್ಟ ಹುಡುಗಿ ಆಗಿರಲಿಲ್ಲ.

ಅಪ್ಪ ಮಾತ್ರ ಕುಗ್ಗಿದ. ತಂದೆಯ ಕಡೆಯಿಂದ ಒಂದು, ತಾಯಿಯ ಕಡೆಯಿಂದ ಒಂದು, ಎರಡೂ ದೋಷ ಕೂಡಿದಾಗ ಮಾತ್ರ ಹೀಗಾಗುತ್ತದೆ ಎಂದು ಡಾಕ್ಟರರು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದ್ದರು. ಆ ಗೆರೆಗಳು ಎಲ್ಲಿಂದ ಬಂದು ಎಲ್ಲಿ ಕೂಡಿದವು ಅನ್ನುವುದು ಅಪ್ಪನಿಗೆ ತಟ್ಟನೆ ತಿಳಿಯಿತು. ಅಕ್ಕನ ಮಗಳನ್ನು ಮಾಡಿಕೊಂಡದ್ದೇ ತಪ್ಪಾಯಿತೇನೋ ಎಂದು ಮನೆಗೆ ಬರುವವರೆಗೂ ಆ ಹಾಳೆಯನ್ನೇ ಬಿಚ್ಚಿ ಬಿಚ್ಚಿ ನೋಡಿದ. ಕಡೆಗೆ ಅವ್ವನೇ ಹಲ್ಲು ಕೀಳಿಸಿಕೊಂಡ ದವಡೆ ಸವರಿಕೊಳ್ಳುತ್ತ, ಬ್ಯಾರೆ ಯಾರ್ನರ ಮಾಡ್ಕೊಂಡಿದ್ರ ಇಂಥಾ ಹಲ್ಲಿನ ಮಗಳು ಎಲ್ಲಿ ಹುಟ್ಟತಿದ್ಲು ಎಂದಳು. ಅಪ್ಪ ನಕ್ಕ. ಮರುದಿನದಿಂದ ಆತನಿಗೆ ಹೊಸ ಕೆಲಸ. ಬಸ್ಸು ನಿಂತ ನಿಲ್ದಾಣದಲ್ಲೆಲ್ಲ ಇಳಿದು ಅಂಗಡಿಯ ಬಿಸ್ಕಿಟು, ಚಿಪ್ಸು, ಚಕ್ಕುಲಿ ಪ್ಯಾಕೆಟ್ಟುಗಳ ಹಿಂದಿನ ಸಣ್ಣ ಅಕ್ಷರಗಳನ್ನು ಕನ್ನಡಕ ಏರಿಸಿ ಓದುವುದು. ಬಾದಾಮಿಯಿಂದ ಇಳಕಲ್ಲಿನವರೆಗೆ ಯಾವ ಅಂಗಡಿಯ ಯಾವ ಚಕ್ಕುಲಿ ನನಗೆ ಆಗುತ್ತದೆ ಅನ್ನುವುದು ಆತನಿಗೆ ಟಿಕೆಟ್ಟಿನ ದರದ ಹಾಗೆ ಬಾಯಿಪಾಠವಾಗಿತ್ತು.

ನನಗೆ ಬಾದಾಮಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತು. ಮರುವರ್ಷವೇ ಸಂಬಂಧ ಬಂತು. ಹುಡುಗ ಬಾಗಲಕೋಟೆಯಲ್ಲಿ ಸರ್ವೇ ಇಲಾಖೆಯಲ್ಲಿದ್ದಾನೆ, ಮನೆ ಇಳಕಲ್ಲು, ತಂದೆ ಇಲ್ಲ, ತಾಯಿ ಗಟ್ಟಿಗಿತ್ತಿ. ಎಲ್ಲ ಚೆನ್ನಾಗಿತ್ತು. ತಾಯಿ ಏನು ಮಾಡುತ್ತಾರೆ ಎಂದು ಕೇಳಿದಾಗ ಮಧ್ಯಸ್ಥರು, ಆಕೆ ಮಾಡುವ ಸಕ್ಕರೆ ಆರತಿಗೆ ಹುನಗುಂದದಿಂದಲೂ ಜನ ಬರುತ್ತಾರೆ ಅಂದರು. ಅಪ್ಪ ನನ್ನ ಮುಖ ನೋಡಿದ. ನಾನು ಅಪ್ಪನ ಮುಖ ನೋಡಿದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅವ್ವ ಒಬ್ಬಳೇ ನಗಲಿಲ್ಲ.

ಹುಡುಗನನ್ನು ಮೊದಲು ನೋಡಿದ್ದು ಬನಶಂಕರಿಯಲ್ಲಿ. ದೇವರ ದರ್ಶನದ ನೆಪದಲ್ಲಿ ಎರಡೂ ಮನೆಯವರು ಬಂದಿದ್ದರು. ಗುಡಿಯ ಹೊರಗೆ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು ಕಟ್ಟುತ್ತಿದ್ದ ರೊಟ್ಟಿ ಊಟವನ್ನು ಮರದ ನೆರಳಿನಲ್ಲಿ ಕೂತು ತಿನ್ನುವಾಗ ನಮ್ಮಿಬ್ಬರನ್ನು ಸ್ವಲ್ಪ ದೂರ ಕೂಡಿಸಿದರು. ನಾನು ರೊಟ್ಟಿ ಮಾರುವ ಹೆಂಗಸನ್ನು, ಪಲ್ಯಕ್ಕೆ ಬೆಲ್ಲ ಎಷ್ಟು ಹಾಕೀಯವ್ವಾ ಎಂದು ಕೇಳಿದೆ. ಹುಡುಗನಿಗೆ ಆಶ್ಚರ್ಯ. ಕೇಳಿಯೇಬಿಟ್ಟ. ಸುಳ್ಳು ಹೇಳಲು ಬಾಯಿ ಬರಲಿಲ್ಲ, ಎಲ್ಲ ಹೇಳಿದೆ. ಆತ ಭೂಮಿ ಅಳೆಯುವವನ ಹಾಗೆ ನಡುನಡುವೆ ಪ್ರಶ್ನೆ ಕೇಳುತ್ತ, ಎಲ್ಲಿಯವರೆಗೆ ಆಗುತ್ತದೆ, ಎಲ್ಲಿಂದ ಆಚೆ ಆಗುವುದಿಲ್ಲ ಅನ್ನುವ ಗಡಿಯನ್ನೆಲ್ಲ ಗೊತ್ತುಮಾಡಿಕೊಂಡ. ಆಮೇಲೆ ತನ್ನ ಎಲೆಯಲ್ಲಿದ್ದ ಬೆಣ್ಣೆಯನ್ನು ನನ್ನ ರೊಟ್ಟಿಯ ಮೇಲೆ ಇಟ್ಟ. ನನಗೆ ಅಲ್ಲಿಯೇ ಆತ ಸೇರಿದ. ಒಂದು ಮಾತು ಮಾತ್ರ ಹೇಳಿದ.

"ನನಗೇನೂ ಅಡ್ಡಿ ಇಲ್ರಿ. ಆದ್ರ ಅವ್ವಗ ಇದನ್ನ ನಾ ಹೇಳೂದಿಲ್ಲ. ನೀವ ಹೇಳ್ರಿ. ನಾ ಹೇಳಿದ್ರ, ಮಗ ಈಗ ಹೆಂಡತಿ ಕಡೆ ಹೊಳ್ಳಿದ ಅಂತಾಳ."

ಹೇಳಬೇಕಿದ್ದವಳು ನಾನು. ಹೇಳಲಿಲ್ಲ. ಅವ್ವ ಬಿಡಲಿಲ್ಲ ಅನ್ನುವುದು ಅರ್ಧ ಸತ್ಯ, ನನಗೂ ಧೈರ್ಯ ಇರಲಿಲ್ಲ ಅನ್ನುವುದು ಇನ್ನರ್ಧ. ಸಕ್ಕರೆಯನ್ನೇ ನಂಬಿ, ಗಂಡನಿಲ್ಲದೆ ಮಗನನ್ನು ಓದಿಸಿದ ಹೆಂಗಸಿಗೆ, ನಿನ್ನ ಸಕ್ಕರೆ ನನಗೆ ವಿಷ ಎಂದು ಹೇಗೆ ಹೇಳುವುದು? ಮದುವೆಯಾಗಿ ಒಂದು ಕೂಸು ಆಗಲಿ, ಆಮೇಲೆ ತಾನಾಗಿ ಗೊತ್ತಾಗುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಹಿಂದೆ ಹೀಗೆಯೇ ನನಗೆ ಒಂದು ಸಂಬಂಧ ಬಂದು, ಮೈಯಲ್ಲಿ ಊನ ಇರುವ ಹುಡುಗಿ ಅಂತ ಮಾತಾಗಿ, ಹೊರಳಿ ಹೋದದ್ದನ್ನು ಆಕೆ ಮರೆತಿರಲಿಲ್ಲ.

ನಿಶ್ಚಯದ ದಿನ ಹುಡುಗನ ತಾಯಿ ನನ್ನ ಉಡಿ ತುಂಬಿ, ಹಣೆಗೆ ಕುಂಕುಮ ಹಚ್ಚಿ, ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿದರು. ಅವ್ವ ಮೊದಲೇ ಪಾಠ ಹೇಳಿಕೊಟ್ಟಿದ್ದಳು. ನಾನು ತಲೆ ತಗ್ಗಿಸಿ, ನಾಚಿಕೊಂಡವಳ ಹಾಗೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಸಕ್ಕರೆಯನ್ನು ಅದರ ಅಂಚಿಗೆ ಒರೆಸಿಬಿಟ್ಟೆ. ಹೊಸ ಸೀರೆ. ಅಂಚು ಅಂಟಂಟಾಯಿತು. ಎಲ್ಲರೂ ಹುಡುಗಿಗೆ ಎಷ್ಟು ನಾಚಿಕೆ ಎಂದು ನಕ್ಕರು. ನನಗೆ ನಾಚಿಕೆಯೇ ಆಗಿತ್ತು, ಆದರೆ ಅವರು ತಿಳಿದದ್ದಲ್ಲ. ಆ ಹೆಂಗಸು ನನ್ನ ಗಲ್ಲ ಹಿಡಿದು ಎತ್ತಿ ಒಂದು ಗಳಿಗೆ ನೋಡಿದರು. ಅವರದು ಒಳ್ಳೆಯ ಕಣ್ಣು. ನಾನು ಎದುರಿಗೆ ನೋಡಲಾಗದೆ ನೆಲ ನೋಡಿದೆ.

ಮದುವೆ ಮಾಘದಲ್ಲಿ ಎಂದಾಯಿತು. ನಡುವೆ ಗೌರಿ ಹುಣ್ಣಿಮೆ. ಐದು ತಟ್ಟೆ ಆರತಿ ತರುತ್ತೇವೆ, ಸೊಸೆಗೆಂದು ಕೈಯಾರೆ ಮಾಡುತ್ತೇನೆ ಎಂದು ಇಳಕಲ್ಲಿನಿಂದ ಫೋನು ಬಂತು. ಅವ್ವ ಫೋನಿಟ್ಟು ಬಂದು, ಮುರಿದು ಕೊಟ್ಟ ತುಣುಕನ್ನು ಕೈಯಲ್ಲಿ ಹಿಡಿದುಕೊ, ದೇವರ ಮುಂದೆ ಇಡುತ್ತೇನೆ ಎಂದು ಒಳಗೆ ಹೋಗು ಎಂದು ಹೊಸ ಉಪಾಯ ಹೇಳಿದಳು. ನಾನು ಆಗ ಅಂದೆ, ಹುಣ್ಣಿಮೆ ಆಯಿತು, ಆಮೇಲೆ ಸಂಕ್ರಾಂತಿಯ ಕುಸುರೆಳ್ಳು, ಆಮೇಲೆ ಮದುವೆ, ಆಮೇಲೆ ಯುಗಾದಿಯ ಬೇವು ಬೆಲ್ಲ. ಎಷ್ಟು ಸೆರಗಿಗೆ ಒರೆಸಲಿ ಎಂದು. ಮೂಲೆಯಲ್ಲಿ ಕೂತಿದ್ದ ಆಯಿ, ಪಂಚಮಿ ಉಂಡಿಯ ಆಯಿ, ನನ್ನ ಕಡೆ ನೋಡದೆಯೇ ಮಾತಾಡಿದಳು.

"ಹೇಳಿ ಬಾ, ಹೋಗು. ನಾ ಗೊತ್ತಿಲ್ದ ಬಡದು ತಿನ್ನಸ್ತಿದ್ನಿ. ಆಕಿ ಗೊತ್ತಿಲ್ದ ಪ್ರೀತಿಲೆ ತಿನ್ನಸ್ತಾಳ. ಎರಡೂ ಒಂದ."

ಮರುದಿನ ಸಾಲೆಗೆ ರಜೆ ಹಾಕಿ ಇಳಕಲ್ಲಿನ ಬಸ್ಸು ಹತ್ತಿದೆ. ಮದುವೆ ಗೊತ್ತಾದ ಹುಡುಗಿ ತಲೆಯ ಮೇಲೆ ಅಕ್ಕಿಕಾಳು ಬೀಳುವ ಮೊದಲು ಒಬ್ಬಳೇ ಅತ್ತೆಯ ಮನೆಯ ಹೊಸ್ತಿಲು ತುಳಿಯುವುದು ನಮ್ಮಲ್ಲಿ ಇಲ್ಲದ್ದು. ಓಣಿಯೊಳಗೆ ಕಾಲಿಟ್ಟಾಗ ಮಗ್ಗದ ಸಪ್ಪಳದ ನಡುವೆಯೂ ನನ್ನ ಎದೆಯ ಸಪ್ಪಳ ನನಗೆ ಕೇಳುತ್ತಿತ್ತು. ಹಿತ್ತಲ ಬಾಗಿಲಿಂದ ಹೋದೆ. ಆಕೆ ಒಲೆಯ ಮುಂದೆ ಕೂತು ಪಾಕವನ್ನು ಅಚ್ಚಿಗೆ ಸುರಿಯುತ್ತಿದ್ದರು. ನನ್ನನ್ನು ಕಂಡು ಕಣ್ಣು ದೊಡ್ಡದು ಮಾಡಿದರೇ ಹೊರತು ಕೈ ನಿಲ್ಲಿಸಲಿಲ್ಲ. ಪಾಕ ಯಾರಿಗೂ ಕಾಯುವುದಿಲ್ಲ.

ನಾನು ನಿಂತೇ ಎಲ್ಲ ಹೇಳಿದೆ. ಬಾಳೆಹಣ್ಣಿನಿಂದ ಹಿಡಿದು ಹಲ್ಲಿನ ಡಾಕ್ಟರಮ್ಮನವರೆಗೆ. ಸೆರಗಿನ ಸಂಗತಿ ಒಂದನ್ನು ಮಾತ್ರ ನುಂಗಿಕೊಂಡೆ, ಅದನ್ನು ಹೇಳಲು ಮುಖ ಇರಲಿಲ್ಲ. ಅವರು ಅಚ್ಚಿನ ಹೋಳುಗಳನ್ನು ಸೇರಿಸಿ ದಾರ ಕಟ್ಟುವುದು, ಸುರಿಯುವುದು, ಬದಿಗಿಡುವುದು, ಮಾಡುತ್ತಲೇ ಇದ್ದರು. ಒಂದು ಸಲ, ಸ್ವಲ್ಪ ಆ ಕಡೆ ಸರಿ, ಬಿಸಿ ಸಿಡಿಯುತ್ತದೆ ಅಂದರು. ನಾನು ಮುಗಿಸಿದ ಮೇಲೂ ಆ ಪಾತ್ರೆ ಖಾಲಿಯಾಗುವವರೆಗೆ ಸುರಿದರು. ಆಮೇಲೆ ಕೈ ತೊಳೆದುಕೊಂಡು ಎದುರಿಗೆ ಬಂದು ಕೂತರು. ಹುಟ್ಟುವ ಕೂಸಿಗೂ ಬರುತ್ತದೆಯೇ ಎಂದು ಕೇಳಿದರು. ನಿಮ್ಮ ಮಗನಲ್ಲೂ ಆ ದೋಷ ಇದ್ದರೆ ಮಾತ್ರ, ರಕ್ತ ನೋಡಿದರೆ ಗೊತ್ತಾಗುತ್ತದೆ ಎಂದೆ. ಹೂಂ ಅಂದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ ಅಂದುಕೊಂಡಿದ್ದೆ, ಕೇಳಲಿಲ್ಲ. ಹಾಗಾದರೆ ನೀನು ಏನು ಆಸೆಪಟ್ಟು ತಿನ್ನುತ್ತೀ ಎಂದು ಕೇಳಿದರು. ಅಷ್ಟು ವರ್ಷದಲ್ಲಿ ಯಾರೂ ನನ್ನ ಆಸೆ ಏನೆಂದು ಕೇಳಿರಲಿಲ್ಲ. ಏನು ತಿನ್ನುವುದಿಲ್ಲ ಅನ್ನುವುದನ್ನೇ ಎಲ್ಲರೂ ಕೇಳುತ್ತಿದ್ದರು.

"ರೊಟ್ಟಿ ಬೆಣ್ಣಿ ರೀ" ಎಂದೆ.

ಅವರು ಎದ್ದು, ಬಸ್ಸು ತಪ್ಪುತ್ತದೆ ನಡೆ, ಹುಣ್ಣಿಮೆಗೆ ಬರುತ್ತೇವೆ ಎಂದರು. ಬರುತ್ತೇವೆ ಅಂದದ್ದು ಆರತಿ ತಗೊಂಡೋ, ಸಂಬಂಧ ಮುರಿಯಲಿಕ್ಕೋ ತಿಳಿಯಲಿಲ್ಲ. ಹುಡುಗನಿಗೆ ಫೋನು ಮಾಡಿದರೆ, ಅವ್ವ ನನ್ನ ಹತ್ತಿರವೂ ಏನೂ ಹೇಳುತ್ತಿಲ್ಲ, ರಕ್ತ ಕೊಟ್ಟು ಬಾ ಅಂದಳು, ಕೊಟ್ಟು ಬಂದೆ ಎಂದ. ಹುಣ್ಣಿಮೆಗೆ ಉಳಿದಿದ್ದ ಎಂಟು ದಿನ ನಾನು ಮಕ್ಕಳಿಗೆ ಭಿನ್ನರಾಶಿ ಕಲಿಸುತ್ತ ಕರಿಹಲಗೆಯ ಮೇಲೆ ಮಾಡಿದ ತಪ್ಪುಗಳನ್ನು ಮಕ್ಕಳೇ ತಿದ್ದಿದರು. ಅವ್ವ ನನ್ನೊಡನೆ ಮಾತು ಬಿಟ್ಟಳು. ಅಪ್ಪ ಬಸ್ಸು ಇಳಕಲ್ಲಿನಲ್ಲಿ ನಿಂತಾಗ ಇಳಿಯುವುದನ್ನೇ ಬಿಟ್ಟ. ಅತ್ತೆಯಾಗುವವರು ಎದುರಾದರೆ ಏನು ಮಾಡುವುದು ಎಂದು ಸೀಟಿನಲ್ಲೇ ಕೂತಿರುತ್ತಿದ್ದನಂತೆ.

ಹುಣ್ಣಿಮೆಯ ಸಂಜೆ ನಾಲ್ಕರ ಹೊತ್ತಿಗೆ ನಮ್ಮ ಮನೆಯ ಮುಂದೆ ಗಾಡಿ ನಿಂತಿತು. ಐವರು ಹೆಂಗಸರು, ಐದು ತಟ್ಟೆ, ಮೇಲೆ ಕುಪ್ಪಸದ ಖಣ ಮುಚ್ಚಿದ್ದರು. ಅವರೆಲ್ಲರ ಮುಂದೆ ಹುಡುಗನ ತಾಯಿ, ಹಸಿರು ಇಳಕಲ್ ಸೀರೆ ಉಟ್ಟು. ಆಕೆಯ ಕೈಯಲ್ಲಿ ಮಾತ್ರ ತಟ್ಟೆ ಇರಲಿಲ್ಲ, ಅಗಲವಾದ ಸ್ಟೀಲಿನ ಡಬ್ಬಿ ಇತ್ತು, ಅದಕ್ಕೆ ಹಸಿ ಬಟ್ಟೆ ಸುತ್ತಿತ್ತು. ಓಣಿಯ ಹೆಂಗಸರು ಆಗಲೇ ನಮ್ಮ ಪಡಸಾಲೆ ತುಂಬಿದ್ದರು. ನನ್ನನ್ನು ಮಣೆಯ ಮೇಲೆ ಕೂಡಿಸಿದರು. ಹೂ ಮುಡಿಸಿ, ಸೀರೆ ಕೊಟ್ಟು, ಗೌರಿಗೆ ಆರತಿ ಬೆಳಗಿ ಆಯಿತು. ತಟ್ಟೆಗಳ ಖಣ ಸರಿಸಿದಾಗ ಎಲ್ಲರ ಬಾಯಿಯಿಂದ ಮೆಚ್ಚುಗೆಯ ಉಸಿರು. ಆನೆ, ನವಿಲು, ಒಂಟೆ, ಬಿಳಿ ಕೆಲವು, ಗುಲಾಬಿ ಕೆಲವು. ಅಷ್ಟು ಚಂದದ ಗೊಂಬೆಗಳನ್ನು ನಮ್ಮ ಓಣಿ ನೋಡಿರಲಿಲ್ಲ. ಅವ್ವ ಬಾಗಿಲಲ್ಲಿ ನಿಂತು ಸನ್ನೆ ಮಾಡುತ್ತಿದ್ದಳು, ಒಳಗೆ ಬಾ ಒಳಗೆ ಬಾ ಎಂದು.

ಆಕೆ ಆ ತಟ್ಟೆಗಳ ಕಡೆ ಕೈ ಹಾಕಲಿಲ್ಲ. ಡಬ್ಬಿಯ ಹಸಿ ಬಟ್ಟೆ ಬಿಚ್ಚಿ ಮುಚ್ಚಳ ತೆಗೆದರು. ಒಳಗೆ ವೀಳ್ಯದೆಲೆಯ ಮೇಲೆ ಒಂದು ಆನೆ, ಎರಡು ಗಿಳಿ. ಬೆಳ್ಳಗೆ, ಸಕ್ಕರೆಯವಕ್ಕಿಂತ ಸ್ವಲ್ಪ ಮೆತ್ತಗೆ ಕಾಣುವ ಬಿಳುಪು. ದೂರ ಕೂತವರಿಗೆ ಏನೂ ವ್ಯತ್ಯಾಸ ತಿಳಿಯುವ ಹಾಗಿರಲಿಲ್ಲ. ಹತ್ತಿರ ಇದ್ದ ನನಗೆ ವಾಸನೆ ಬಂತು, ಹೊಸದಾಗಿ ಕಡೆದ ಎಮ್ಮೆಯ ಬೆಣ್ಣೆಯ ವಾಸನೆ. ಆನೆಯ ಸೊಂಡಿಲು ದಾರಿಯ ಸೆಕೆಗೆ ಆಗಲೇ ಒಂದು ಕಡೆ ವಾಲಿತ್ತು.

ಸಕ್ಕರೆಯ ಅಚ್ಚಿನಲ್ಲಿ ಬೆಣ್ಣೆ ಕೂಡುವುದು ಸುಲಭವಲ್ಲ ಎಂದು ಆಮೇಲೆ ಗೊತ್ತಾಯಿತು. ಅಚ್ಚಿಗೆ ಅಂಟಿ ಬರುತ್ತದೆ, ತೆಗೆದರೆ ಕಾಲು ಒಳಗೇ ಉಳಿಯುತ್ತದೆ. ಆ ಎಂಟು ದಿನ ಆಕೆ ಬೆಣ್ಣೆಯನ್ನು ಒತ್ತಿ, ತಣ್ಣೀರಿನಲ್ಲಿಟ್ಟು, ಪಕ್ಕದ ಮನೆಯ ಫ್ರಿಜ್ಜಿನಲ್ಲಿಟ್ಟು, ಮತ್ತೆ ಮತ್ತೆ ಮಾಡಿದ್ದರು. ಕೆಟ್ಟವನ್ನೆಲ್ಲ ಮಗ ರೊಟ್ಟಿಗೆ ಹಚ್ಚಿಕೊಂಡು ತಿಂದು ದಪ್ಪಗಾದ. ಪಾಕ ಮುಟ್ಟಿದ ಕೈಯಲ್ಲಿ ಬೆಣ್ಣೆ ಮುಟ್ಟಬಾರದು ಎಂದು ಸಲಸಲಕ್ಕೂ ಕೈ ತೊಳೆದು, ಆ ಅಚ್ಚುಗಳನ್ನು ಮೂರು ಸಲ ಬಿಸಿನೀರಿನಲ್ಲಿ ಕುದಿಸಿದ್ದರಂತೆ, ಸಕ್ಕರೆಯ ಅಂಶ ಒಂದಿಷ್ಟೂ ಉಳಿಯಬಾರದೆಂದು. ಅದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಅಂದು ಹಿತ್ತಲಲ್ಲಿ ಪಾಕ ಸುರಿಯುತ್ತ, ನಾನು ಹೇಳಿದ ಒಂದೊಂದು ಮಾತನ್ನೂ ಕೇಳಿಸಿಕೊಂಡಿದ್ದರು.

ಆಕೆ ಒಂದು ಗಿಳಿಯ ಕೊಕ್ಕು ಮುರಿದರು. ನನ್ನ ಗಲ್ಲ ಹಿಡಿದು ಎತ್ತಿದರು, ನಿಶ್ಚಯದ ದಿನ ಹಿಡಿದ ಹಾಗೆಯೇ. ಬೆಣ್ಣೆ ಬಾಯಿಗೆ ಹಾಕಿ, ಸುತ್ತ ಕೂತವರಿಗೆ ಕೇಳದ ಹಾಗೆ ನನ್ನ ಕಿವಿಯ ಹತ್ತಿರ ಬಾಗಿದರು.

"ನುಂಗವ್ವಾ. ಈ ಸಲ ಸೆರಗಿಗೆ ಒರಸಬ್ಯಾಡ."

ಅವರು ಅಂದೇ ನೋಡಿದ್ದರು. ನೋಡಿ, ಯಾರಿಗೂ ಹೇಳದೆ, ಮಗನಿಗೂ ಹೇಳದೆ, ನಾನಾಗಿ ಬಂದು ಹೇಳುವ ದಿನಕ್ಕೆ ಕಾದಿದ್ದರು. ನನ್ನ ಕಣ್ಣು ತುಂಬಿ ಆನೆ, ಗಿಳಿ, ಅವ್ವ, ಓಣಿಯ ಹೆಂಗಸರು ಎಲ್ಲ ಕಲಸಿಹೋದರು. ಆ ಬೆಣ್ಣೆಗೆ ಚೂರು ಉಪ್ಪು ಹಾಕಿದ್ದರು. ನಾನು ನುಂಗಿದೆ. ಹುಡುಗಿ ಅಳುತ್ತಿದ್ದಾಳೆ, ತವರು ಬಿಡುವ ಸಂಕಟ ಎಂದು ಯಾರೋ ಅಂದರು. ನಾನು ಬಾಯಿ ತೆರೆದು, ಇನ್ನೊಂದು ಚೂರು ಕೊಡ್ರಿ ಅತ್ತಿ ಎಂದೆ. ಸೊಂಡಿಲು ಬೀಳುವ ಮೊದಲು ಅವರು ಆನೆಯನ್ನೇ ಎತ್ತಿ ನನ್ನ ಕೈಯಲ್ಲಿಟ್ಟರು.